ಗರ್ಜನೆಗೂ ಬೇಕು ಲಗಾಮು: ಕೈಯಲ್ಲಿ ಕಟ್ಟುವ ವಾಲ್ವ್ ಗಿಟಾರ್ ಆಂಪ್‌ಗಳ ಒಳಗುಟ್ಟು

ಸ್ವಿಚ್ ಹಾಕಿದ ಕೂಡಲೇ ಮಾತನಾಡದ ರೇಡಿಯೋಗಳನ್ನು ಕಂಡ ತಲೆಮಾರು ಇನ್ನೂ ಇದೆ. ಒಳಗಿನ ಗಾಜಿನ ವಾಲ್ವುಗಳು ಕಾದು ಕೆಂಪಗಾಗುವವರೆಗೆ ತಾಳ್ಮೆಯಿಂದ ಕಾಯಬೇಕಿತ್ತು. ಅನಂತರವಷ್ಟೇ ಆಕಾಶವಾಣಿಯ ದನಿ ಹೊರಡುತ್ತಿತ್ತು. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಆರಂಭಿಸಿತು. ಮರುವರ್ಷವೇ ಅಲ್ಲಿ ಜರ್ಮೇನಿಯಂ ಅರೆವಾಹಕಗಳೂ ಸಿದ್ಧವಾಗತೊಡಗಿದವು. ಟ್ರಾನ್ಸಿಸ್ಟರ್ ಮನೆಗೆ ಬಂದಿತು. ವಾಲ್ವ್ ಅಟ್ಟ ಸೇರಿತು.

ಆದರೆ ಒಂದು ಲೋಕ ಮಾತ್ರ ವಾಲ್ವನ್ನು ಬಿಟ್ಟುಕೊಡಲಿಲ್ಲ. ಅದು ಎಲೆಕ್ಟ್ರಿಕ್ ಗಿಟಾರ್ ವಾದಕರ ಲೋಕ. ರಾಕ್ ಮತ್ತು ಮೆಟಲ್ ಸಂಗೀತದಲ್ಲಿ ಕೇಳಿಬರುವ ಆ ದಟ್ಟವಾದ, ಗರ್ಜಿಸುವ ನಾದದ ಹಿಂದೆ ಇರುವುದು ಗಿಟಾರ್‌ಗಿಂತ ಹೆಚ್ಚಾಗಿ ಅದಕ್ಕೆ ಜೋಡಿಸಿದ ಆಂಪ್ಲಿಫೈಯರ್. ಅಂಥ ಆಂಪ್‌ಗಳನ್ನು ದೊಡ್ಡ ಕಾರ್ಖಾನೆಗಳಲ್ಲದೆ, ಬೆರಳೆಣಿಕೆಯ ಕೆಲಸಗಾರರಿರುವ ಸಣ್ಣ ಕಮ್ಮಟಗಳೂ ಒಂದೊಂದಾಗಿ ಕೈಯಲ್ಲಿ ಬೆಸುಗೆ ಹಾಕಿ ತಯಾರಿಸುತ್ತವೆ. ಇವುಗಳಿಗೆ ‘ಬುಟೀಕ್ ಆಂಪ್’ ಎಂಬ ಹೆಸರು. ಲಕ್ಷಗಟ್ಟಲೆ ರೂಪಾಯಿ ತೆತ್ತು ಇವನ್ನು ಕೊಳ್ಳುವವರು ನಿಜವಾಗಿ ಕೊಳ್ಳುವುದು ಏನನ್ನು? ಹೆಚ್ಚು ಸದ್ದನ್ನೇ? ಅಲ್ಲ. ಸದ್ದು ಹೆಚ್ಚಿಸುವುದು ಸುಲಭದ ಕೆಲಸ. ಬೇಡದ್ದನ್ನು ಎಲ್ಲಿ, ಎಷ್ಟು ತೆಗೆಯಬೇಕೆಂದು ಬಲ್ಲುದೇ ಈ ಕಸುಬಿನ ತಿರುಳು.

ದೋಷವೇ ಗುಣವಾದ ಕಥೆ

ಆಂಪ್ಲಿಫೈಯರ್ ಮಾಡಬೇಕಾದ ಕೆಲಸ ಒಂದೇ: ಬಂದ ಸಂಕೇತವನ್ನು ರೂಪ ಕೆಡದಂತೆ ದೊಡ್ಡದು ಮಾಡುವುದು. ಶಕ್ತಿ ಮೀರಿ ದುಡಿಸಿದಾಗ ಅದು ಸೋಲುತ್ತದೆ. ಅಲೆಯ ನೆತ್ತಿ ಚಪ್ಪಟೆಯಾಗಿ, ಮೂಲದಲ್ಲಿಲ್ಲದ ಮೇಲಿನ ಸ್ವರಾಂಶಗಳು ಹುಟ್ಟುತ್ತವೆ. ಎಂಜಿನಿಯರ್‌ಗಳು ಇದನ್ನು ವಿರೂಪವೆಂದು ಕರೆದು ದೂರವಿಡಲು ಯತ್ನಿಸಿದರು. ಗಿಟಾರ್ ವಾದಕರು ಅದನ್ನೇ ಅಪ್ಪಿಕೊಂಡರು. 1964ರಲ್ಲಿ ಲಂಡನ್ನಿನ ‘ದಿ ಕಿಂಕ್ಸ್’ ತಂಡದ ಡೇವ್ ಡೇವಿಸ್ ತನ್ನ ಪುಟ್ಟ ಆಂಪ್‌ನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿ ಒರಟು ನಾದ ಪಡೆದದ್ದು ಈ ಹಂಬಲಕ್ಕೆ ಸಾಕ್ಷಿ.

ವಿರೂಪದಿಂದ ಇನ್ನೊಂದು ಲಾಭವೂ ಉಂಟು. ಮೀಟಿದ ತಂತಿಯ ನಾದ ಸಹಜವಾಗಿ ಬೇಗ ಕ್ಷೀಣಿಸುತ್ತದೆ. ಆದರೆ ಆಂಪ್ ತನ್ನ ಮಿತಿಯ ಚಾವಣಿಯನ್ನು ಮುಟ್ಟಿಯೇ ಇದ್ದರೆ, ತಂತಿ ಸೊರಗುತ್ತಿದ್ದರೂ ಹೊರಬರುವ ದನಿ ಅಷ್ಟೇ ಎತ್ತರದಲ್ಲಿ ಬಹುಕಾಲ ನಿಲ್ಲುತ್ತದೆ. ಮೀಟುವ ವಾದ್ಯವು ಕಮಾನು ಎಳೆಯುವ ಪಿಟೀಲಿನಂತೆ ಹಾಡತೊಡಗುತ್ತದೆ.

ಬ್ರಿಟನ್ನಿನ ಜಿಮ್ ಮಾರ್ಷಲ್ ಅವರ ಅಂಗಡಿಯಲ್ಲಿ 1962ರಲ್ಲಿ ರೂಪುಗೊಂಡ ಮೊದಲ ಆಂಪ್, ಅಮೆರಿಕದ ಫೆಂಡರ್ ಕಂಪನಿಯ ‘ಬಾಸ್‌ಮನ್’ ಮಾದರಿಯನ್ನು ಅನುಸರಿಸಿತ್ತು. ಅದನ್ನು ವಿರೂಪಕ್ಕೆ ತರಬೇಕಾದರೆ ಕಿವಿ ಗಡಚಿಕ್ಕುವಷ್ಟು ಏರಿಸಬೇಕಿತ್ತು. ಈ ತೊಡಕಿಗೆ ದಾರಿ ತೋರಿದವರಲ್ಲಿ ಕ್ಯಾಲಿಫೋರ್ನಿಯಾದ ರಾಂಡಲ್ ಸ್ಮಿತ್ ಪ್ರಮುಖರು. 1960ರ ದಶಕದ ಕೊನೆಯಲ್ಲಿ ಅವರು ಫೆಂಡರ್‌ನ ಪುಟ್ಟ ‘ಪ್ರಿನ್ಸ್‌ಟನ್’ ಆಂಪ್‌ನೊಳಗೆ ದೊಡ್ಡ ಟ್ರಾನ್ಸ್‌ಫಾರ್ಮರನ್ನೂ ದೊಡ್ಡ ಸ್ಪೀಕರನ್ನೂ ಅಳವಡಿಸಿದ್ದರು. ಅದನ್ನು ನುಡಿಸಿ ನೋಡಿದ ಕಾರ್ಲೋಸ್ ಸಂತಾನಾ ಬೆರಗಾದರು. ‘ಮೆಸಾ ಬೂಗಿ’ ಕಂಪನಿಯ ಕಥೆ ಆರಂಭವಾದದ್ದು ಹೀಗೆ. ಮುಂದೆ ಸ್ಮಿತ್ ಆಂಪ್‌ನ ಮುಂಭಾಗದಲ್ಲಿ ಮತ್ತೊಂದು ವರ್ಧನ ಹಂತವನ್ನು ಸೇರಿಸಿದರು. ಮೊದಲ ಹಂತಗಳಲ್ಲಿಯೇ ವಿರೂಪ ಉಂಟುಮಾಡಿ, ಕೊನೆಯ ಗುಂಡಿಯಿಂದ ಒಟ್ಟು ಸದ್ದನ್ನು ತಗ್ಗಿಸುವ ಈ ಸರಪಳಿ ವಿಧಾನವೇ ಇಂದಿನ ‘ಹೈ-ಗೇನ್’ ಆಂಪ್‌ಗಳ ಬುನಾದಿ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ ಮೆಟಾಲಿಕಾ ತಂಡವು 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಧ್ವನಿಮುದ್ರಣಕ್ಕೆ ಬಳಸಿದ್ದು ಇದೇ ಕಂಪನಿಯ ಮಾರ್ಕ್ ಸರಣಿಯ ಆಂಪ್ ಅನ್ನು.

ಸೊನ್ನೆಗಳ ಲೆಕ್ಕ

ಈ ಸರಪಳಿಯ ಬಲವೆಷ್ಟು? ಸಣ್ಣದೊಂದು ಲೆಕ್ಕ ಸಾಕು. ಗಿಟಾರ್‌ನಿಂದ ಬರುವ ಸಂಕೇತ ಸುಮಾರು ಒಂದು ವೋಲ್ಟಿನ ಹತ್ತರಲ್ಲೊಂದು ಭಾಗವೆನ್ನೋಣ. 12ಎಎಕ್ಸ್7 ಎಂಬ ಹೆಸರಿನ ಸಣ್ಣ ವಾಲ್ವಿನ ಗಾಜಿನ ಬುರುಡೆಯೊಳಗೆ ಎರಡು ಪ್ರತ್ಯೇಕ ವರ್ಧಕಗಳಿರುತ್ತವೆ. ಬಳಕೆಯಲ್ಲಿ ಒಂದೊಂದೂ ಸಂಕೇತವನ್ನು ಸುಮಾರು 50 ಪಟ್ಟು ಹಿಗ್ಗಿಸುತ್ತದೆ. ಮೊದಲ ಹಂತ ದಾಟಿದಾಗ 5 ವೋಲ್ಟ್, ಎರಡನೆಯದರಲ್ಲಿ 250, ಮೂರನೆಯದರಲ್ಲಿ 12,500 ವೋಲ್ಟ್ ಆಗಬೇಕು! ಆದರೆ ಈ ವಾಲ್ವುಗಳಿಗೆ ಒದಗಿಸುವ ವಿದ್ಯುತ್ತೇ ಕೆಲವು ನೂರು ವೋಲ್ಟ್. ಮಡಕೆಯಲ್ಲಿ ಹಿಡಿಸುವಷ್ಟೇ ನೀರು, ಉಳಿದದ್ದು ಚೆಲ್ಲಿಹೋಗಬೇಕು. ಆ ಚೆಲ್ಲುವಿಕೆಯೇ ವಿರೂಪ.

ಸಂಕೇತದೊಡನೆ ಅದರ ಕಸವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ವಿದ್ಯುತ್ ತಂತಿಯ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ, ರೆಸಿಸ್ಟರ್‌ಗಳ ಸುಯ್‌ಗುಡುವಿಕೆ, ವಾಲ್ವಿನೊಳಗಿನ ಬಿಡಿಭಾಗಗಳ ನಡುಕ ಎಲ್ಲವೂ ಸ್ಪೀಕರ್‌ನಲ್ಲಿ ಕೇಳಿಸತೊಡಗುತ್ತವೆ. ಆದ್ದರಿಂದ ಒಳ್ಳೆಯ ತಯಾರಕನು ಪ್ರತಿ ಎರಡು ಹಂತಗಳ ನಡುವೆ ಸಂಕೇತದ ಒಂದಂಶವನ್ನು ಬೇಕೆಂದೇ ಬಿಸಾಡುತ್ತಾನೆ. ಐವತ್ತು ಪಟ್ಟು ಗಳಿಸಿ, ಅದರಲ್ಲಿ ಬಹುಪಾಲನ್ನು ಕಳೆದು, ಮತ್ತೆ ಗಳಿಸುವ ವ್ಯವಹಾರವಿದು.

ತೆಗೆಯುವುದರಲ್ಲಿದೆ ಜಾಣ್ಮೆ

ಮೊದಲು ತೆಗೆಯಬೇಕಾದದ್ದು ತಗ್ಗಿನ ಸ್ವರಗಳನ್ನು. ದಪ್ಪ ತಂತಿಯ ಮಂದ್ರ ನಾದ ಸಂಕೇತದಲ್ಲಿ ಹೆಚ್ಚು ಜಾಗ ಆಕ್ರಮಿಸುತ್ತದೆ. ಅದು ಹಾಗೆಯೇ ಸರಪಳಿಯೊಳಗೆ ನುಗ್ಗಿದರೆ ಹೊರಬರುವುದು ಕೆಸರಿನಲ್ಲಿ ಕಾಲೆಳೆದಂಥ ಸದ್ದು. ಹಂತಗಳ ನಡುವೆ ಚಿಕ್ಕ ಕೆಪಾಸಿಟರ್‌ಗಳನ್ನಿಟ್ಟು ಮಂದ್ರವನ್ನು ಸೋಸಿ, ವಿರೂಪವೆಲ್ಲ ಮುಗಿದ ಮೇಲೆ ಮರಳಿ ತುಂಬಿಕೊಡಬೇಕು. ಕೊನೆಯಲ್ಲಿ ಎದೆಗೆ ಬಡಿಯುವ ಮಂದ್ರ ಬೇಕೆಂದರೆ ಆರಂಭದಲ್ಲಿ ಅದನ್ನು ಬಿಡಬೇಕು.

ಇನ್ನೊಂದು ಉಪಾಯಕ್ಕೆ ಮೈಕ್ ಸೋಲ್ಡಾನೊ ಅವರ ‘ಎಸ್‌ಎಲ್‌ಒ-100’ ಪ್ರಸಿದ್ಧ ಉದಾಹರಣೆ. 1987ರಲ್ಲಿ ಬಂದ, 100 ವ್ಯಾಟ್‌ನ ಈ ಆಂಪ್ ಎರಿಕ್ ಕ್ಲಾಪ್ಟನ್, ಮಾರ್ಕ್ ನಾಫ್ಲರ್ ಅವರಂಥ ವಾದಕರ ಕೈ ಸೇರಿತು. ವಾಲ್ವಿನ ಕ್ಯಾಥೋಡ್‌ಗೆ ಸಾಮಾನ್ಯವಾಗಿ ಒಂದೆರಡು ಸಾವಿರ ಓಮ್‌ನ ರೆಸಿಸ್ಟರ್ ಜೋಡಿಸುವುದು ವಾಡಿಕೆ. ಇದರ ಒಂದು ಹಂತದಲ್ಲಿ ಮಾತ್ರ 39,000 ಓಮ್ ಇದೆ. ಅದರಿಂದ ಆ ವಾಲ್ವ್ ಅರೆನಿದ್ದೆಯಲ್ಲಿರುವಂತೆ ದುಡಿಯುತ್ತದೆ. ಅಲೆಯ ಒಂದು ಮಗ್ಗುಲನ್ನು ಬೇಗನೆ ಕತ್ತರಿಸಿ, ಇನ್ನೊಂದನ್ನು ಹೆಚ್ಚು ಬಿಡುತ್ತದೆ. ವರ್ಧನೆಯೂ ಕಡಿಮೆ. ಗರ್ಜನೆಗೆ ಹೆಸರಾದ ಯಂತ್ರದ ಗುಟ್ಟು ಹೀಗೆ ದುರ್ಬಲಗೊಳಿಸಿದ ಒಂದು ಹಂತದಲ್ಲೂ ಇದೆಯೆಂಬುದು ಗಮನಾರ್ಹ.

ಎಲ್ಲ ಸ್ವರಗಳೂ ಈ ವಿರೂಪವನ್ನು ಸಮನಾಗಿ ತಾಳಿಕೊಳ್ಳವು. ಎರಡು ಸ್ವರಗಳು ಒಟ್ಟಿಗೆ ವಿರೂಪಗೊಂಡಾಗ ಅವುಗಳ ಮೊತ್ತ ಮತ್ತು ವ್ಯತ್ಯಾಸಗಳಿಗೆ ಸಮನಾದ ಹೊಸ ಕಂಪನಗಳು ಹುಟ್ಟುತ್ತವೆ. ಷಡ್ಜ-ಪಂಚಮಗಳ ಅನುಪಾತ 2:3. ಅವುಗಳ ವ್ಯತ್ಯಾಸ ಕೆಳಗಿನ ಸ್ಥಾಯಿಯ ಷಡ್ಜದ ಮೇಲೆಯೇ ಬೀಳುವುದರಿಂದ ನಾದ ಇನ್ನಷ್ಟು ಗಟ್ಟಿಯಾಗುತ್ತದೆ. ಮೆಟಲ್ ಸಂಗೀತ ಈ ಜೋಡಿಯನ್ನೇ ಬಹುವಾಗಿ ನೆಚ್ಚಿಕೊಂಡಿರುವುದಕ್ಕೆ ಕಾರಣವಿದು. ಗಾಂಧಾರವನ್ನು ಸೇರಿಸಿದರೆ ಕಥೆ ಬೇರೆ. ಗಿಟಾರ್‌ನ ಮೆಟ್ಟಿಲುಗಳಲ್ಲಿ ಅದು ಶುದ್ಧ ಶ್ರುತಿಗಿಂತ ತುಸು ಮೇಲಿರುವುದರಿಂದ ಹೊಸದಾಗಿ ಹುಟ್ಟುವ ಕಂಪನಗಳು ಅಪಸ್ವರವಾಗುತ್ತವೆ. ಅಷ್ಟು ವಿರೂಪದ ನಡುವೆಯೂ ಮೂರು ಸ್ವರಗಳು ಬಿಡಿಬಿಡಿಯಾಗಿ ಕೇಳಿಸಿದರೆ ಆ ಆಂಪ್‌ನ ತಯಾರಕ ಬಲ್ಲವನೆಂದೇ ಅರ್ಥ.

ತಂತಿ ಹಾಯುವ ದಾರಿ

ನಕ್ಷೆ ಒಂದೇ ಇದ್ದರೂ ಇಬ್ಬರು ಕಟ್ಟಿದ ಆಂಪ್‌ಗಳು ಒಂದೇ ಆಗಿರುವುದಿಲ್ಲ. ಇಷ್ಟೊಂದು ವರ್ಧನೆಯಿರುವಲ್ಲಿ ಕೊನೆಯ ಹಂತದ ತಂತಿ ಮೊದಲ ಹಂತದ ತಂತಿಯ ಪಕ್ಕ ಹಾಯ್ದರೂ ಸಾಕು, ಸಂಕೇತ ಗಾಳಿಯಲ್ಲೇ ಹಿಂದಕ್ಕೆ ಜಿಗಿದು ಆಂಪ್ ತಾನೇ ತಾನಾಗಿ ಕೂಗತೊಡಗುತ್ತದೆ. ಆದಕಾರಣ ಮೊದಲ ವಾಲ್ವಿನ ತಂತಿಗಳು ಗಿಡ್ಡವಾಗಿರಬೇಕು, ಲೋಹದ ಹೊದಿಕೆ ಪಡೆದಿರಬೇಕು. ವಾಲ್ವನ್ನು ಕಾಯಿಸುವ 6.3 ವೋಲ್ಟ್ ತಂತಿಗಳನ್ನು ಒಂದಕ್ಕೊಂದು ಹೆಣೆದು ಮೂಲೆಗೆ ತಳ್ಳಬೇಕು. ಭೂಸಂಪರ್ಕಗಳನ್ನು ಯಾವ ಬಿಂದುವಿನಲ್ಲಿ ಕೂಡಿಸಬೇಕೆಂಬುದಕ್ಕೂ ಕ್ರಮವುಂಟು.

ಇದು ಅಪಾಯದ ಕಸುಬೂ ಹೌದು. ದೊಡ್ಡ ಆಂಪ್‌ಗಳ ಒಳಗೆ 450ರಿಂದ 500 ವೋಲ್ಟ್ ಹರಿಯುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳು ಪ್ರಾಣ ತೆಗೆಯಬಲ್ಲಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಅದನ್ನು ಬರಿದು ಮಾಡಿ, ಮೀಟರಿನಿಂದ ಅಳೆದು ಖಚಿತಪಡಿಸಿಕೊಳ್ಳದೆ ಅನುಭವಿಗಳು ಒಳಗೆ ಕೈಯಿಡುವುದಿಲ್ಲ. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ ನುಡಿಸಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವ ಭಯವೂ ಇದೆ.

ಕೇಳಿಸುವ ಕಲೆ, ಮರೆಸುವ ಕಲೆ

ಕಟ್ಟಿದ್ದನ್ನು ಮಾರಬೇಕಲ್ಲ. ಅಲ್ಲಿ ಬರುವುದು ಪ್ರಾತ್ಯಕ್ಷಿಕೆ. ಹಿಂದೆ ಕೊಳ್ಳುವವರು ಅಂಗಡಿಗೇ ಹೋಗಿ ನುಡಿಸಬೇಕಿತ್ತು, ಇಲ್ಲವೇ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ನಡೆಯುವ ‘ನ್ಯಾಮ್’ ವಾದ್ಯಮೇಳದಂಥ ಜಾಗಕ್ಕೆ ಹೋಗಿ ನೂರು ಗದ್ದಲಗಳ ನಡುವೆ ಕಿವಿಗೊಡಬೇಕಿತ್ತು. 2005ರಲ್ಲಿ ಯೂಟ್ಯೂಬ್ ಬಂದ ಮೇಲೆ ಹುಬ್ಬಳ್ಳಿಯಲ್ಲಿ ಕುಳಿತವರೂ ಲಾಸ್ ಏಂಜಲೀಸ್‌ನ ಆಂಪ್ ಕೇಳಬಹುದಾಯಿತು. ಆದರೆ ಅವರು ಕೇಳುವುದು ಆಂಪ್ ಒಂದನ್ನೇ ಅಲ್ಲ.

ಆಂಪ್‌ನ ನಾದ ನಾಲ್ಕು ಸ್ಪೀಕರ್‌ಗಳ ಪೆಟ್ಟಿಗೆಯೊಂದನ್ನು ಹಾಯ್ದು, ಮೈಕೊಂದರ ಮೂಲಕ ಧ್ವನಿಮುದ್ರಣವಾಗುತ್ತದೆ. 1965ರಿಂದ ಬಳಕೆಯಲ್ಲಿರುವ ಶೂರ್ ಎಸ್‌ಎಂ57 ಮೈಕನ್ನು ಸ್ಪೀಕರ್‌ನ ನಡುಬಿಂದುವಿನಿಂದ ಎರಡು ಸೆಂಟಿಮೀಟರ್ ಪಕ್ಕಕ್ಕೆ ಸರಿಸಿದರೂ ನಾದದ ಮೊನಚು ಬದಲಾಗುತ್ತದೆ. ಸದ್ದಿನ ಮಟ್ಟವೂ ಕಿವಿಯನ್ನು ಮೋಸಗೊಳಿಸುತ್ತದೆ. ಸದ್ದು ಏರಿದಂತೆ ಮಂದ್ರ ಸ್ವರಗಳು ಹೆಚ್ಚು ತುಂಬಿ ಕೇಳಿಸುತ್ತವೆಂದು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ತೋರಿಸಿದ್ದರು. ಎರಡು ಆಂಪ್‌ಗಳನ್ನು ಹೋಲಿಸುವಾಗ ಒಂದನ್ನು ತುಸು ಜೋರಾಗಿ ಕೇಳಿಸಿದರೆ ಸಾಕು, ಅದೇ ಉತ್ತಮವೆನಿಸಿಬಿಡುತ್ತದೆ.

ಪ್ರಾಮಾಣಿಕ ಪ್ರಾತ್ಯಕ್ಷಿಕೆಯನ್ನು ಗುರುತಿಸುವುದು ಕಷ್ಟವಲ್ಲ. ಅಲ್ಲಿ ಗುಂಡಿಗಳು ಯಾವ ಅಂಕಿಯಲ್ಲಿವೆ, ಸ್ಪೀಕರ್ ಯಾವುದು, ಮೈಕ್ ಯಾವುದು ಎಂಬುದನ್ನು ತಿಳಿಸಲಾಗುತ್ತದೆ. ಒಂದೇ ಗಿಟಾರ್, ಒಂದೇ ಪಲುಕು, ಒಂದೇ ಸದ್ದಿನ ಮಟ್ಟದಲ್ಲಿ ಹೋಲಿಕೆ ನಡೆಯುತ್ತದೆ. ವಾದಕನು ಗಿಟಾರ್‌ನ ಸದ್ದಿನ ಗುಂಡಿಯನ್ನು ಇಳಿಸಿ, ಗರ್ಜನೆ ತಿಳಿಯಾದ ನಾದವಾಗಿ ಮಾರ್ಪಡುವುದೇ ಎಂದು ತೋರಿಸುತ್ತಾನೆ. ಷಡ್ಜ-ಪಂಚಮ ಬಿಟ್ಟು ಮೂರು-ನಾಲ್ಕು ಸ್ವರಗಳ ಗೊಂಚಲನ್ನೂ ನುಡಿಸುತ್ತಾನೆ. ಡ್ರಮ್ ಮತ್ತು ಬಾಸ್ ಜೊತೆಗೂ ಕೇಳಿಸುತ್ತಾನೆ. ಏಕೆಂದರೆ ನಡುವಿನ ಸ್ವರಗಳನ್ನು ಕೊರೆದು ತೆಗೆದ ನಾದ ಒಂಟಿಯಾಗಿ ಭವ್ಯವೆನಿಸಿದರೂ, ತಂಡದ ನಡುವೆ ಸಂತೆಯಲ್ಲಿ ಕಳೆದುಹೋದ ಮಗುವಿನಂತಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮೌನ. ನುಡಿಸುವುದನ್ನು ನಿಲ್ಲಿಸಿ ತಂತಿಗಳ ಮೇಲೆ ಅಂಗೈ ಇಟ್ಟಾಗ ಏನು ಕೇಳಿಸುತ್ತದೆ? ಸಣ್ಣ ಸುಯ್‌ಗುಡುವಿಕೆ ಅನಿವಾರ್ಯ. ಗುಂಯ್‌ಗುಡುವಿಕೆಯೋ ಕೂಗೋ ಕೇಳಿಸಿದರೆ ತಂತಿಯ ದಾರಿ ತಪ್ಪಿದೆ. ಹಲವು ಪ್ರಾತ್ಯಕ್ಷಿಕೆಗಳಲ್ಲಿ ನಾಯ್ಸ್ ಗೇಟ್ ಎಂಬ ಸಾಧನವು ನುಡಿಸದಿದ್ದಾಗ ಬಾಗಿಲು ಮುಚ್ಚಿದಂತೆ ಸದ್ದನ್ನೆಲ್ಲ ಅಡಗಿಸಿಬಿಡುತ್ತದೆ. ತಯಾರಕನ ಅರ್ಧ ಶ್ರಮ ಅಲ್ಲಿಯೇ ಮರೆಯಾಗುತ್ತದೆ. ಅರೆಬರೆ ಕೆಲಸವೂ ಅಲ್ಲಿಯೇ ಪಾರಾಗುತ್ತದೆ.

ಮುಂದೇನು?

ಈ ಕಸುಬಿನ ಮುಂದೆ ಎರಡು ಸವಾಲುಗಳಿವೆ. ಮೊದಲನೆಯದು ಕಂಪ್ಯೂಟರ್. ವಾಲ್ವ್ ನಾದವನ್ನು ಲೆಕ್ಕದಿಂದಲೇ ಅನುಕರಿಸುವ ಯಂತ್ರಗಳು ವರ್ಷದಿಂದ ವರ್ಷಕ್ಕೆ ಸುಧಾರಿಸಿವೆ. 2013ರ ಡಿಸೆಂಬರ್‌ನಲ್ಲಿ ಅಂಟಾರ್ಕ್ಟಿಕಾದಲ್ಲಿ ನಡೆದ ಮೆಟಾಲಿಕಾ ಕಾರ್ಯಕ್ರಮದಲ್ಲಿ ಪ್ರೇಕ್ಷಕರು ಹೆಡ್‌ಫೋನಿನಲ್ಲಿಯೇ ಸಂಗೀತ ಕೇಳಿದರು. ವೇದಿಕೆಯಲ್ಲಿ ಗರ್ಜಿಸುವ ಸ್ಪೀಕರ್ ಪೆಟ್ಟಿಗೆಗಳಿರಲಿಲ್ಲ. ಎರಡನೆಯದು ವಾಲ್ವಿನ ಪೂರೈಕೆ. ಜಗತ್ತಿನ ಗಿಟಾರ್ ಆಂಪ್‌ಗಳು ಬಹುಪಾಲು ನೆಚ್ಚಿಕೊಂಡಿರುವುದು ರಷ್ಯಾ, ಸ್ಲೊವಾಕಿಯಾ ಮತ್ತು ಚೀನಾಗಳ ಕೆಲವೇ ಕಾರ್ಖಾನೆಗಳನ್ನು. 2022ರ ಮಾರ್ಚ್‌ನಲ್ಲಿ ರಷ್ಯಾ ಹೇರಿದ ರಫ್ತು ನಿರ್ಬಂಧದಿಂದ ಅಲ್ಲಿನ ವಾಲ್ವುಗಳ ಸಾಗಣೆ ಕೆಲಕಾಲ ಸ್ಥಗಿತಗೊಂಡಾಗ ಆಂಪ್ ತಯಾರಕರು ಕಂಗಾಲಾದರು.

ಹಾಗಿದ್ದೂ ಬೇಡಿಕೆ ನಿಂತಿಲ್ಲ. ಮೆಸಾ ಬೂಗಿಯನ್ನು 2021ರಲ್ಲಿ ಗಿಬ್ಸನ್ ಕಂಪನಿ ಕೊಂಡುಕೊಂಡಿತು; 1980ರ ದಶಕದ ‘ಮಾರ್ಕ್ 2ಸಿ ಪ್ಲಸ್’ ಆಂಪ್ 2024ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿತು. ಅಟ್ಟ ಸೇರಿದ ರೇಡಿಯೋದ ವಾಲ್ವ್ ವೇದಿಕೆಯ ಮೇಲೆ ಇನ್ನೂ ಉರಿಯುತ್ತಿದೆ. ಅದನ್ನು ಕೊಳ್ಳಲು ಹೊರಟವರು ಒಂದು ಮಾತು ನೆನಪಿಟ್ಟರೆ ಸಾಕು: ಗರ್ಜನೆಯನ್ನು ಯಾವ ಆಂಪ್ ಬೇಕಾದರೂ ಕೇಳಿಸೀತು; ಕೈ ನಿಲ್ಲಿಸಿದಾಗ ಅದು ಸುಮ್ಮನಾಗುವುದೇ ಎಂಬುದನ್ನು ಮೊದಲು ಕೇಳಬೇಕು.