ಜಹೀರಾಬಾದಿನಲ್ಲಿ ಅಪ್ಪುವಿನ ಕಬಡ್ಡಿ

1956ರ ನವೆಂಬರ್ 1 ಎಂದರೆ ಕಾಸರಗೋಡಿನ ಕನ್ನಡಿಗರಿಗೆ ಯಾರೂ ವಿವರಿಸಿ ಹೇಳಬೇಕಾದ ದಿನವಲ್ಲ. ಆದರೆ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕನ್ನು ಕೇರಳಕ್ಕೆ ಸೇರಿಸಿದ ಅದೇ ಕಾಯಿದೆ, ಅದೇ ದಿನ, ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕನ್ನೂ ಜಹೀರಾಬಾದ ತಾಲೂಕಿನ ಬಹುಭಾಗವನ್ನೂ ಗುಲ್ಬರ್ಗ ಜಿಲ್ಲೆಯ ತಾಂಡೂರನ್ನೂ ಆಂಧ್ರಕ್ಕೆ ಒಪ್ಪಿಸಿತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. 2014ರಿಂದ ಈ ಊರುಗಳು ತೆಲಂಗಾಣ ರಾಜ್ಯದಲ್ಲಿವೆ. ಅಲ್ಲಿ ಇಂದಿಗೂ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು ಆಡುವ ಕುಟುಂಬಗಳಿವೆ. ಮನೆಯೊಳಗೊಂದು ಭಾಷೆ, ಹೊಸ್ತಿಲಾಚೆ ಇನ್ನೊಂದು ಎಂಬ ಬಾಳು ನಮಗೇನೂ ಹೊಸದಲ್ಲವಷ್ಟೆ.

ಆ ಸೀಮೆಗೆ ಹೋದಾಗ ನಾವು ಶಾಲೆ, ಪಠ್ಯಪುಸ್ತಕ, ಅರ್ಜಿ ಫಾರಂಗಳ ಮಾತು ಕೇಳಲು ಸಿದ್ಧರಾಗಿಯೇ ಹೋಗಿದ್ದೆವು. ಗಡಿನಾಡಿನವರು ಕಲೆತರೆ ಬರುವ ಮಾತು ಅದೇ. ಆದರೆ ಜಹೀರಾಬಾದಿನ ಒಂದು ಮನೆಯಲ್ಲಿ ಚಹಾ ಬರುವಷ್ಟರಲ್ಲಿ ಮಾತು ಹೊರಳಿದ್ದು ಪುನೀತ್ ರಾಜ್‌ಕುಮಾರ್ ಅವರ 'ಅಜಯ್' ಚಿತ್ರದ ಕಬಡ್ಡಿಗೆ ಮತ್ತು 'ಮೌರ್ಯ'ದ ಕಿಕ್‌ಬಾಕ್ಸಿಂಗಿಗೆ. 'ಮೌರ್ಯ' 2004ರದು, 'ಅಜಯ್' 2006ರದು. ಇಪ್ಪತ್ತು ವರ್ಷ ಕಳೆದ ಹೊಡೆದಾಟದ ಚಿತ್ರಗಳನ್ನು, ಅದೂ ರಿಮೇಕ್ ಚಿತ್ರಗಳನ್ನು, ನಿನ್ನೆ ನೋಡಿ ಬಂದವರಂತೆ ಮನೆಮಂದಿಯೆಲ್ಲ ವರ್ಣಿಸುವುದನ್ನು ಕಂಡು ನಮಗೆ ಮೊದಲು ನಗುವೇ ಬಂತು. ಆಮೇಲೆ ನಗು ನಿಂತಿತು.

ಈ ಚಿತ್ರಗಳ ವಂಶಾವಳಿಯನ್ನು ಓದುಗರಿಗೆ ಸ್ವಲ್ಪ ಹೇಳಬೇಕು. 1992ರಲ್ಲಿ ಹಿಂದಿಯಲ್ಲಿ ಆಮಿರ್ ಖಾನ್ ಅವರ 'ಜೋ ಜೀತಾ ವಹೀ ಸಿಕಂದರ್' ಬಂತು. ಅದರಲ್ಲಿ ಇದ್ದುದು ಸೈಕಲ್ ಪಂದ್ಯ. 1999ರಲ್ಲಿ ಪವನ್ ಕಲ್ಯಾಣ್ ಅದೇ ಬಗೆಯ ಕತೆಯನ್ನು 'ತಮ್ಮುಡು' ಎಂದು ತೆಲುಗಿಗೆ ತಂದಾಗ ಸೈಕಲ್ ಹೋಗಿ ಕಿಕ್‌ಬಾಕ್ಸಿಂಗ್ ಬಂತು. ಉಡಾಳ ತಮ್ಮ, ಎದುರಾಳಿಯ ಕಡೆಯವರಿಂದ ಪೆಟ್ಟು ತಿಂದು ಹಾಸಿಗೆ ಹಿಡಿದ ಅಣ್ಣ, ಅಣ್ಣನ ಬದಲು ತಮ್ಮನೇ ಅಖಾಡಕ್ಕೆ ಇಳಿಯುವುದು. 2001ರಲ್ಲಿ ಇದು ಕನ್ನಡದಲ್ಲಿ 'ಯುವರಾಜ' ಆಯಿತು. ನಾಯಕ ಶಿವರಾಜ್‌ಕುಮಾರ್, ನಿರ್ದೇಶಕ ತೆಲುಗಿನ ಪುರಿ ಜಗನ್ನಾಥ್. ರಾಜ್‌ಕುಮಾರರ ಹಿರಿಯ ಮಗ ತಮ್ಮನ ಪಾತ್ರ ಮಾಡಿದ್ದು ಇಲ್ಲಿಯ ವಿನೋದ. ಮರುವರ್ಷ ಇದೇ ಪುರಿ ಜಗನ್ನಾಥ್ ಕಿರಿಯ ಮಗನನ್ನು 'ಅಪ್ಪು' ಚಿತ್ರದಿಂದ ನಾಯಕನನ್ನಾಗಿ ನಿಲ್ಲಿಸಿದರು. 2003ರಲ್ಲಿ ಅವರು ತೆಲುಗಿನಲ್ಲಿ ರವಿತೇಜ ಅವರಿಗಾಗಿ ಮಾಡಿದ 'ಅಮ್ಮಾ ನಾನ್ನ ಓ ತಮಿಳ ಅಮ್ಮಾಯಿ' ಮುಂದಿನ ವರ್ಷ ಎಸ್. ನಾರಾಯಣ್ ಅವರ ನಿರ್ದೇಶನದಲ್ಲಿ 'ಮೌರ್ಯ'ವಾಯಿತು. ತೆಲುಗಿನಲ್ಲಿ ನಾಯಕಿ ಕೇರಳದ ಅಸಿನ್. ಕನ್ನಡಕ್ಕೆ ಬಂದವರು ಕೇರಳದ ಮೀರಾ ಜಾಸ್ಮಿನ್. 2003ರ ಸಂಕ್ರಾಂತಿಗೆ ಮಹೇಶ್ ಬಾಬು ಅವರ 'ಒಕ್ಕಡು' ಬಂತು. ಅದಕ್ಕಾಗಿ ಗುಣಶೇಖರ್ ಚಾರ್ಮಿನಾರಿನದೇ ದೊಡ್ಡ ಸೆಟ್ ಹಾಕಿಸಿದ್ದರು. ತಮಿಳಿನಲ್ಲಿ ಅದು ವಿಜಯ್ ಅವರ 'ಗಿಲ್ಲಿ', ಕನ್ನಡದಲ್ಲಿ ಮೆಹರ್ ರಮೇಶ್ ನಿರ್ದೇಶಿಸಿದ 'ಅಜಯ್'. ಮೂರು ಭಾಷೆಗಳಲ್ಲಿಯೂ ಖಳನಾಯಕ ಒಬ್ಬರೇ, ಪ್ರಕಾಶ್ ರೈ. ರೈ ಎಂಬ ಹೆಸರು ಕೇಳಿದ ಮೇಲೆ ನಮ್ಮ ಓದುಗರು ಮೂಲ ಯಾವುದೆಂದು ವಿಚಾರಿಸಬೇಕಾಗಿಲ್ಲ.

ಇಷ್ಟೊಂದು ರಿಮೇಕ್ ಏಕೆ? ಕರ್ನಾಟಕದಲ್ಲಿ 1960ರ ದಶಕದ ಚಳವಳಿಯ ಕಾಲದಿಂದ ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ಕಟ್ಟು ಇತ್ತು. ಕಾನೂನಿನಲ್ಲಿ ಬರೆದದ್ದಲ್ಲ, ಚಿತ್ರರಂಗ ತಾನೇ ಹಾಕಿಕೊಂಡದ್ದು. 2015ರಲ್ಲಿ ಸ್ಪರ್ಧಾ ಆಯೋಗ ಅದರ ವಿರುದ್ಧ ತೀರ್ಪು ಕೊಡುವವರೆಗೂ ಅದು ನಡೆದುಕೊಂಡು ಬಂತು. ಧ್ವನಿ ಬದಲಿಸಿ ತರುವಂತಿಲ್ಲವಾದ್ದರಿಂದ ಕತೆಯನ್ನು ಕೊಂಡು, ನಮ್ಮ ನಟರನ್ನು ಹಾಕಿ, ಮತ್ತೆ ತೆಗೆಯುತ್ತಿದ್ದರು. ಬೆಂಗಳೂರಿನ ವಿಮರ್ಶಕರು ಇದನ್ನು ಎರವಲು ಸರಕೆಂದು ಹೀಗಳೆದರು. ಹೀಗಳೆಯಲು ಕಾರಣವೂ ಇತ್ತು. ಸ್ವಂತ ಕತೆ ಬರೆಯುವ ಕೈಗಳಿಗೆ ಕೆಲಸ ಕಡಿಮೆಯಾಯಿತೆಂಬುದು ಸುಳ್ಳಲ್ಲ.

ಆದರೆ ಜಹೀರಾಬಾದಿನಿಂದ ನೋಡಿದರೆ ಇದೇ ಸಂಗತಿ ಬೇರೆಯಾಗಿ ಕಾಣುತ್ತದೆ. ಆ ಊರಿನ ಚಿತ್ರಮಂದಿರಗಳಲ್ಲಿ ಓಡುವುದು ಬಹುಮಟ್ಟಿಗೆ ತೆಲುಗು ಚಿತ್ರ. ಕನ್ನಡ ಚಿತ್ರ ನೋಡಬೇಕಾದರೆ ಸುಮಾರು 30 ಕಿಲೋಮೀಟರು ದೂರದ ಬೀದರಿಗೆ ಹೋಗಬೇಕು. ತಾಂಡೂರಿನವರಾದರೆ ರೈಲು ಹತ್ತಿ ಸೇಡಂ ಕಡೆಗೆ. ತೆಲುಗು ಶಾಲೆಯಲ್ಲಿ ಓದುವ ಮಗುವಿಗೆ 'ಒಕ್ಕಡು' ಕತೆ ಬಾಯಿಪಾಠ. ಯಾವ ಗಳಿಗೆಯಲ್ಲಿ ಖಳನ ಜೀಪು ಬರುತ್ತದೆ, ಯಾವಾಗ ಹುಡುಗಿಯನ್ನು ಮನೆಯಲ್ಲಿ ಬಚ್ಚಿಡುತ್ತಾನೆ, ಎಲ್ಲ ಗೊತ್ತು. ಅಂಥ ಮಗು 'ಅಜಯ್' ನೋಡಿದಾಗ ಕತೆ ಹಿಂಬಾಲಿಸುವ ಶ್ರಮ ಇಲ್ಲ. ಕಿವಿ ನೇರವಾಗಿ ಮಾತಿನ ಕಡೆ ಹೋಗುತ್ತದೆ. ತೆಲುಗಿನಲ್ಲಿ ಹೀಗೆ ಅಂದದ್ದು ಕನ್ನಡದಲ್ಲಿ ಹೀಗೆ ಎಂದು ತಾನೇ ಹೋಲಿಸುತ್ತದೆ. ಮನೆಯಲ್ಲಿ ಅಡುಗೆ, ಬೈಗುಳ, ಜೋಗುಳಗಳಿಗೆ ಮಾತ್ರ ಕೇಳಿದ್ದ ಭಾಷೆ ಪೊಲೀಸ್ ಠಾಣೆಯಲ್ಲಿ, ಆಟದ ಬಯಲಲ್ಲಿ, ಪ್ರೇಮದಲ್ಲಿ ಆಡುವುದನ್ನು ಕೇಳುತ್ತದೆ. ಬೆಂಗಳೂರಿಗೆ ಎರವಲು ಸರಕಾದದ್ದು ಗಡಿಯಲ್ಲಿ ಪಾಠದ ಪುಸ್ತಕವಾಯಿತು. ಚಿತ್ರ ತೆಗೆದವರು ಇದನ್ನು ಕನಸಿನಲ್ಲಿಯೂ ಎಣಿಸಿರಲಾರರು. ನಾವು ಕಂಡದ್ದು ಎರಡು ಮೂರು ಮನೆಗಳನ್ನಷ್ಟೇ, ಆದರೂ ಎಲ್ಲೆಡೆ ಇದನ್ನೇ ಕಂಡೆವು.

ಹಾಗಾದರೆ ಪುನೀತರ ಉಳಿದ ಚಿತ್ರಗಳಿಗಿಂತ ಆಟದ ಚಿತ್ರಗಳೇ ಏಕೆ? ಬೀದರ, ಜಹೀರಾಬಾದ, ನಾರಾಯಣಖೇಡಗಳ ಸೀಮೆಯಲ್ಲಿ ಜಾತ್ರೆ ಎಂದರೆ ಕುಸ್ತಿ. ಹುಡುಗರಿಗೆ ತೆಂಗಿನಕಾಯಿಯ ಕುಸ್ತಿಯಿಂದ ಆರಂಭವಾಗಿ ಕಡೆಯ ಜೋಡಿಗೆ ಬೆಳ್ಳಿ ಕಡಗದವರೆಗೆ ಏರುತ್ತದೆ. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ ಮೂರೂ ಕಡೆಯ ಪೈಲವಾನರು ಬರುತ್ತಾರೆ, ಮಣ್ಣಿನಲ್ಲಿ ಯಾರ ಭಾಷೆ ಯಾವುದೆಂದು ಯಾರೂ ಕೇಳುವುದಿಲ್ಲ. ಆಟದ ಚಿತ್ರವನ್ನು ನೋಡುವ ಕಣ್ಣು ಅವರಿಗೆ ಮೊದಲೇ ಇದೆ. ನಾಯಕ ನಿಜವಾಗಿ ಮೈ ಬಗ್ಗಿಸಿದ್ದಾನೋ, ಕ್ಯಾಮೆರಾ ಬಗ್ಗಿಸಿದೆಯೋ ಎಂದು ಅವರು ಹಿಡಿಯುತ್ತಾರೆ. ಪುನೀತರ ಮೈ ಬಳುಕುವುದು ನೃತ್ಯದಲ್ಲಿಯೂ ಹೊಡೆದಾಟದಲ್ಲಿಯೂ ಅವರದೇ ಎಂಬುದು ಅಲ್ಲಿಯ ಹಿರಿಯರ ತೀರ್ಪು. 'ಮೌರ್ಯ'ದಲ್ಲಿ ಇನ್ನೊಂದು ಎಳೆಯೂ ಇದೆ. ತಾಯಿ ಸಾಕಿದ ಮಗ, ಆಕೆ ತೀರಿಕೊಂಡ ಮೇಲೆ, ತನ್ನನ್ನು ಮಗನೆಂದು ಕಾಣದ ತಂದೆಯ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ. ತಂದೆ ದೇವರಾಜ್, ತಾಯಿ ರೋಜಾ. ಕಡೆಗೆ ತಂದೆಯ ಮಾನ ಉಳಿಸಲು ರಿಂಗಿಗೆ ಇಳಿಯುವವನು ಇದೇ ಮಗ. ತಾಂಡೂರಿನಲ್ಲಿ ಕಲ್ಲಿನ ವ್ಯಾಪಾರ ಮಾಡುವ ಒಬ್ಬರು ಈ ದೃಶ್ಯವನ್ನು ಹೇಳುತ್ತ ಹೇಳುತ್ತ, ಕರ್ನಾಟಕವೂ ತಮಗೆ ಇಂಥ ಅಪ್ಪನೇ ಎಂದು ನಕ್ಕರು. ನಾವೂ ನಕ್ಕೆವು, ಆದರೆ ತಡವಾಗಿ.

2021ರ ಅಕ್ಟೋಬರ್ 29ರಂದು ಪುನೀತ್ 46ನೆಯ ವಯಸ್ಸಿನಲ್ಲಿ ತೀರಿಕೊಂಡರು. 2022ರ ನವೆಂಬರ್ 1ರಂದು ಕರ್ನಾಟಕ ಸರಕಾರ ಅವರಿಗೆ ಮರಣೋತ್ತರ ಕರ್ನಾಟಕ ರತ್ನ ಕೊಟ್ಟಿತು. ಅದೂ ನವೆಂಬರ್ 1 ಎಂಬುದನ್ನು ಜಹೀರಾಬಾದಿನವರು ಬೆರಳು ಮಡಚಿ ತೋರಿಸಿದರು. 2025ರ ಮಾರ್ಚ್‌ನಲ್ಲಿ 'ಅಪ್ಪು' ಮತ್ತೆ ತೆರೆಗೆ ಬಂತು. ತಮಿಳುನಾಡಿನಲ್ಲಿ 2024ರಲ್ಲಿ 'ಗಿಲ್ಲಿ' ಮತ್ತೆ ಬಿಡುಗಡೆಯಾದಾಗ ಚಿತ್ರಮಂದಿರಗಳು ಹೊಸ ಚಿತ್ರಕ್ಕೆಂಬಂತೆ ತುಂಬಿದ್ದವು. 'ಅಜಯ್' ಹೀಗೆ ಬೀದರಿನಲ್ಲಿ ಒಂದು ವಾರ ಬಂದರೆ ನಾರಾಯಣಖೇಡದಿಂದ ಬಸ್ಸು ತುಂಬಿ ಹೋಗುತ್ತದೆಂದು ಒಬ್ಬ ತರುಣ ಪಂಥ ಕಟ್ಟಿದ. ನಾವು ಪಂಥ ಕಟ್ಟಲಿಲ್ಲ.

ಈಗ ಗಾಳಿ ತಿರುಗಿದೆ. 2019ರಲ್ಲಿ ಸುದೀಪ್ ಅವರ 'ಪೈಲ್ವಾನ್' ಬಂತು. ಕುಸ್ತಿಯೂ ಬಾಕ್ಸಿಂಗೂ ಸೇರಿದ ಕನ್ನಡದ್ದೇ ಕತೆ, ಆದರೆ ಒಟ್ಟು ಐದು ಭಾಷೆಗಳಲ್ಲಿ. 'ಈಗ' ಚಿತ್ರದಿಂದಾಗಿ ತೆಲುಗರಿಗೆ ಸುದೀಪ್ ಮೊದಲೇ ಪರಿಚಿತರು. ಕನ್ನಡ ಚಿತ್ರ ಹೊರಗೆ ಮೆರೆದರೆ ನಮಗೆ ಹೆಮ್ಮೆಯೇ. ಆದರೆ ಫಲ ಹೀಗಾಯಿತು: ಕನ್ನಡದ ನಟ ಕನ್ನಡದ ಕತೆಯನ್ನು ತೆಲಂಗಾಣದ ಕನ್ನಡ ಮಗುವಿಗೆ ತೆಲುಗಿನಲ್ಲಿ ಹೇಳುತ್ತಾನೆ, ಕಾಸರಗೋಡಿನ ಮಗುವಿಗೆ ಮಲಯಾಳದಲ್ಲಿ. ಬಾಗಿಲ ಬಳಿಯಲ್ಲೇ ತೆಲುಗಿನಲ್ಲಿ ಸಿಕ್ಕುವಾಗ ಬೀದರಿಗೆ ಹೋಗುವವರು ಯಾರು? ಉಪ್ಪಳ, ಕುಂಬಳೆ, ಬದಿಯಡ್ಕಗಳ ನಮ್ಮ ಮನೆಗಳಲ್ಲಿ ಮಕ್ಕಳು 'ಗಿಲ್ಲಿ' ಬಲ್ಲರು. 'ಅಜಯ್' ಬಲ್ಲವರೆಷ್ಟು ಮಂದಿ ಎಂದು ನಾವು ಕೇಳಿ ನೋಡಬೇಕು.

ಹೊರಡುವ ದಿನ ಜಹೀರಾಬಾದಿನ ಅದೇ ಮನೆಯಲ್ಲಿ ಮೊಮ್ಮಗ ಫೋನಿನಲ್ಲಿ 'ಒಕ್ಕಡು' ನೋಡುತ್ತಿದ್ದ. ಪಕ್ಕದಲ್ಲಿ ತೊಗರಿಬೇಳೆ ಆರಿಸುತ್ತಿದ್ದ ಅಜ್ಜಿ ತಲೆಯೆತ್ತಿ, "ಅದು ಬ್ಯಾಡೋ ತಮ್ಮಾ, ನಮ್ಮ ಅಪ್ಪೂಂದು ಹಚ್ಚು" ಎಂದರು.

"ಎರಡೂ ಒಂದೇ ಅವ ಆಯಿ."

"ಒಂದೇ ಇರ್ಲಿ. ನೀ ಹಚ್ಚು."

ಹುಡುಗ ಗೊಣಗುತ್ತ ಹಚ್ಚಿದ. ನಾಯಕ ಗೆರೆ ದಾಟಿ, ಉಸಿರು ಬಿಗಿಹಿಡಿದು 'ಕಬಡ್ಡಿ, ಕಬಡ್ಡಿ' ಎನ್ನತೊಡಗಿದಾಗ ಅಜ್ಜಿಯ ಕೈ ಮೊರದಲ್ಲಿಯೇ ನಿಂತಿತು. ನಮ್ಮ ಬಸ್ಸಿಗೆ ಹೊತ್ತಾಗಿತ್ತು. ಆ ಪಂದ್ಯ ಮುಗಿಯುವವರೆಗೆ ನಾವೂ ಏಳಲಿಲ್ಲ.