ಉಪ್ಪುನೀರಿನಲ್ಲಿ ಬೆಳಗು ಮೂಡಿಸಿದವರು

ರಂಗದ ಮೇಲೆ ಬೆಳಗು ಹರಿಯಬೇಕು. ಇವತ್ತಾದರೆ ಲೈಟಿನವನು ಕುಳಿತಲ್ಲೇ ಒಂದು ಗುಂಡಿಯನ್ನು ಮೇಲಕ್ಕೆ ಸರಿಸುತ್ತಾನೆ, ಬೆಳಗಾಗುತ್ತದೆ. ಅಂಥ ಗುಂಡಿ ನಾಟಕ ಕಂಪನಿಗಳ ಕೈಗೆಟುಕದ ಕಾಲದಲ್ಲಿ ಪರದೆಯ ಮರೆಗೆ ಒಂದು ಚೀನಿಮಣ್ಣಿನ ಕೊಳವೆ ನಿಂತಿರುತ್ತಿತ್ತು. ಅದರ ತುಂಬ ನೀರು. ತಳದಲ್ಲಿ ಲೋಹದ ಬಿಲ್ಲೆಯೊಂದು ಕೂತಿರುತ್ತದೆ, ಇನ್ನೊಂದು ಬಿಲ್ಲೆ ಮೇಲಿನಿಂದ ಹಗ್ಗಕ್ಕೆ ಜೋತಾಡುತ್ತದೆ. ದೀಪಕ್ಕೆ ಹೋಗುವ ಕರೆಂಟು ಈ ಎರಡು ಬಿಲ್ಲೆಗಳ ನಡುವಿನ ನೀರನ್ನು ಹಾದೇ ಹೋಗಬೇಕು. ಬರೀ ನೀರು ಕರೆಂಟನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಉಪ್ಪು ಕರಗಿಸಿದರೆ ಬಿಡುತ್ತದೆ. ಮೇಲಿನ ಬಿಲ್ಲೆಯನ್ನು ಇಳಿಸುತ್ತ ಹೋದಂತೆ ಬಲ್ಬಿನ ತಂತಿ ಮೊದಲು ಕೆಂಡದಂತೆ ಕೆಂಪಾಗುತ್ತದೆ, ಆಮೇಲೆ ಹಳದಿ, ಆಮೇಲೆ ಪೂರಾ ಬೆಳಕು. ಇರುಳು ಬೇಕೆಂದರೆ ಹಗ್ಗ ಮೇಲಕ್ಕೆಳೆದರಾಯಿತು.

ಇದನ್ನು ನನಗೆ ಬಿಡಿಸಿ ಹೇಳಿದವರು ಬಾದಾಮಿ ಸೀಮೆಯ ಒಬ್ಬ ಅಜ್ಜಾರು. ಹರೆಯದಲ್ಲೇ ಕಂಪನಿ ಸೇರಿದವರು, ಮುಖಕ್ಕೆ ಬಣ್ಣ ಹಚ್ಚದೆ ಪರದೆಯ ಹಿಂದೆಯೇ ದುಡಿದವರು. ಹೆಸರು ಬರೆಯಬಾರದೆಂಬ ಮಾತಿನ ಮೇಲೆ ಮಾತಿಗೆ ಕೂತರು. ಕಣ್ಣು ಮಂಜಾಗಿದೆ, ಕೈಗಳು ಮಾತ್ರ ಈಗಲೂ ಹಗ್ಗ ಹಿಡಿದ ಹಾಗೆಯೇ ಗಾಳಿಯಲ್ಲಿ ಆಡುತ್ತವೆ. "ಉಪ್ಪಿನ ಮ್ಯಾಲ ಐತಿ ತಮ್ಮಾ ಎಲ್ಲಾ" ಎಂದರು. "ಒಂದು ಹಿಡಿ ಹೆಚ್ಚು ಬಿತ್ತಂದ್ರ ಬೆಳಗು ಜಿಗದು ಬರತೈತಿ. ಕಡಿಮಿ ಬಿತ್ತಂದ್ರ ಸೂರ್ಯಾ ಏಳೂದೇ ಇಲ್ಲ. ಅಕ್ಕಾರು ಇತ್ತ ಬೆಳಗಿನ ಪದಾ ಹಾಡಾಕತ್ತಿರ್ತಾರ, ಅದು ಮುಗಿಯೂದ್ರೊಳಗ ಬೆಳಕಾಗಬೇಕು."

ನಟಿಯ ಹಾಡಿನ ಉದ್ದವೇ ಅಜ್ಜಾರ ಗಡಿಯಾರ. ಒನ್ಸ್ ಮೋರ್ ಬಂದರೆ ಹಗ್ಗವನ್ನು ಮತ್ತೆ ಮೇಲೆಳೆದು ನಸುಕಿಗೇ ಹೋಗಬೇಕು. ಆಟ ರಾತ್ರಿಯಿಡೀ ನಡೆಯುತ್ತಿತ್ತು. ಕರೆಂಟು ಹಾದಾಗ ನೀರಿನಲ್ಲೇ ಶಾಖ ಹುಟ್ಟುವುದರಿಂದ ಕೊಳವೆಯ ನೀರು ಕಾಯುತ್ತಿತ್ತು, ಒಮ್ಮೊಮ್ಮೆ ಕುದಿಯುತ್ತಿತ್ತು. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಉಪ್ಪಿನಂಶ ಏರುತ್ತದೆ. ಹೀಗಾಗಿ ಮೊದಲ ಅಂಕದ ಲೆಕ್ಕ ಕೊನೆಯ ಅಂಕಕ್ಕೆ ನಡೆಯುವುದಿಲ್ಲ. ತಣ್ಣೀರು ಸುರಿದು, ಬಲ್ಬಿನ ಬಣ್ಣ ನೋಡಿ, ಮತ್ತೆ ಹದ ಮಾಡಬೇಕು. ಒದ್ದೆ ನೆಲ, ತೆರೆದ ತಂತಿ, ಕಾಲಿಗೆ ರಬ್ಬರಿನ ಚಪ್ಪಲಿ. ಇಂದು ಯಾರೂ ಮಾಡಬಾರದ ಕೆಲಸ ಅದು. ಆದರೆ ಆ ಕೆಲಸ ಬಲ್ಲ ಕೈಯಲ್ಲಿ ಎಂಥ ಸೂಕ್ಷ್ಮ ಇತ್ತು ಎಂಬುದು ಎಲ್ಲೂ ದಾಖಲಾಗದೆ ಹೋಗಬಾರದು. ಈ ಲೇಖನ ಬರೆಯುತ್ತಿರುವುದು ಅದಕ್ಕಾಗಿ.

ಅಜ್ಜಾರ ಮಾತಿನಲ್ಲಿ ಬನಶಂಕರಿ ಜಾತ್ರೆ ಮತ್ತೆ ಮತ್ತೆ ಬಂತು. ಬಾದಾಮಿಯಿಂದ ಐದು ಕಿಲೋಮೀಟರು ಆಚೆ, ಚೊಳಚಗುಡ್ಡದಲ್ಲಿ ಈ ಜಾತ್ರೆ. ಬನದ ಹುಣ್ಣಿಮೆಗೆ ತೇರು. ಅದಕ್ಕೂ ಮುನ್ನ ದೇವಿಗೆ 108 ಬಗೆಯ ಕಾಯಿಪಲ್ಯಗಳ ಎಡೆ ಇಡುವ ಪಲ್ಯೇದ ಹಬ್ಬ. ತೇರು ಎಳೆದ ಮೇಲೂ ಜಾತ್ರೆ ತಿಂಗಳ ತನಕ ಉಳಿಯುವುದು ಎರಡು ಕಾರಣಕ್ಕೆ: ಮನೆ ಕಟ್ಟುವವರು ಬಾಗಿಲು-ಚೌಕಟ್ಟು ಕೊಳ್ಳಲು ಬರುತ್ತಾರೆ, ಉಳಿದವರು ನಾಟಕ ನೋಡಲು ಬರುತ್ತಾರೆ. ಸಾಲಾಗಿ ತಗಡಿನ ಥೇಟರುಗಳು. ಒಂದೇ ಬಯಲಲ್ಲಿ ಇಷ್ಟೊಂದು ಕಂಪನಿಗಳು ಪಕ್ಕಪಕ್ಕದಲ್ಲೇ ಕ್ಯಾಂಪು ಹಾಕುವ ಇನ್ನೊಂದು ಜಾಗ ನನಗೆ ತಿಳಿದಂತೆ ಕರ್ನಾಟಕದಲ್ಲಿಲ್ಲ. ಪಕ್ಕದ ಥೇಟರಿನ ಚಪ್ಪಾಳೆ ಈ ಥೇಟರಿಗೆ ಕೇಳುತ್ತದೆ. ಅವರಲ್ಲಿಲ್ಲದ ಒಂದು ಚಮತ್ಕಾರ ನಮ್ಮಲ್ಲಿರಬೇಕು ಎಂಬ ಹಟ ಅಲ್ಲೇ ಹುಟ್ಟುತ್ತಿತ್ತು.

ಈ ಸೀಮೆಗೆ ನಾಟಕ ಹೊರಗಿನಿಂದ ಬಂದ ಸರಕಲ್ಲ. 'ರಕ್ತರಾತ್ರಿ', 'ಕುರುಕ್ಷೇತ್ರ' ಬರೆದ ಕಂದಗಲ್ ಹಣಮಂತರಾಯರು 1896ರಲ್ಲಿ ಹುಟ್ಟಿದ್ದು ಹುನಗುಂದ ಸೀಮೆಯ ಕಂದಗಲ್ಲಿನಲ್ಲಿ. ಇಂದು ವಿಜಯಪುರದ ರಂಗಮಂದಿರಕ್ಕೆ ಅವರ ಹೆಸರಿದೆ. ಅದೇ ಸೀಮೆಯ ಸೂಳೇಬಾವಿಯ ಪಿ.ಬಿ. ಧುತ್ತರಗಿಯವರು ಇಳಕಲ್ಲಿನಲ್ಲಿ ನೆಲೆಸಿದವರು. ಅವರ 'ಸಂಪತ್ತಿಗೆ ಸವಾಲ್' ನಾಟಕವೇ 1974ರಲ್ಲಿ ರಾಜ್‌ಕುಮಾರ್ ಅವರ ಸಿನಿಮಾ ಆಯಿತು. ಕಮತಗಿಯ ಹೊಳೆಹುಚ್ಚೇಶ್ವರ ನಾಟ್ಯ ಸಂಘದ ಹೆಸರು ಇಂದಿಗೂ ನಾಟಕಪ್ರಿಯರ ಬಾಯಲ್ಲಿದೆ. ದಕ್ಷಿಣದಲ್ಲಿ ಗುಬ್ಬಿ ವೀರಣ್ಣನವರ ಕಂಪನಿ ತನ್ನ 'ಕುರುಕ್ಷೇತ್ರ'ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಅಷ್ಟು ದುಡ್ಡಿಲ್ಲದ ಕಂಪನಿಗಳು ತಗಡು, ರಟ್ಟು, ಬೇಗಡೆ, ಬಿದಿರು, ಹಗ್ಗ, ಗಾಲಿಗಳಲ್ಲೇ ಮಾಯಾಲೋಕ ಕಟ್ಟಿದವು. ನಾಟಕಕಾರರ, ನಟರ ಹೆಸರುಗಳಾದರೂ ಉಳಿದಿವೆ. ಗಾಲಿ ಕಟ್ಟಿದವರದು ಹ್ಯಾಂಡ್‌ಬಿಲ್ಲಿನಲ್ಲಿ ಕೂಡ ಬರಲಿಲ್ಲ.

ನಾನು ಅಜ್ಜಾರನ್ನು ಹುಡುಕಿಕೊಂಡು ಹೋದದ್ದು ಇಳಕಲ್ಲಿನ ಒಬ್ಬ ಡಿಪ್ಲೊಮಾ ಹುಡುಗನ ದೆಸೆಯಿಂದ. ಮನೆಯಲ್ಲಿ ಮಗ್ಗದ ಸದ್ದು, ಅವನ ಕೈಯಲ್ಲಿ ಫೋನು, ಫೋನಿನಲ್ಲಿ 'ಸ್ಟಾರ್ ವಾರ್ಸ್' ಸಿನಿಮಾದ ಆರ್2-ಡಿ2 ಎಂಬ ಗಿಡ್ಡ ರೋಬೊ. ಸಿನಿಮಾದ್ದಲ್ಲ; ಯಾರೋ ತಮ್ಮ ಮನೆಯ ಶೆಡ್ಡಿನಲ್ಲಿ ಕಟ್ಟಿದ್ದು. ಅದು ನಡೆಯುತ್ತದೆ, ತಲೆ ತಿರುಗಿಸುತ್ತದೆ, ಸಿಳ್ಳೆ ಹಾಕುತ್ತದೆ. "ಇಂಥಾದ್ದು ನಮ್ಮ ಕಡೆ ಯಾರರ ಮಾಡ್ಯಾರೇನ್ರೀ ಕಾಕಾ?" ಎಂದು ಕೇಳಿದ. ಅವನ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನನಗೆ ಸಿಕ್ಕವರು ಈ ಅಜ್ಜಾರು.

ಸಿನಿಮಾದ ರೋಬೊ ಎಷ್ಟರಮಟ್ಟಿಗೆ ನಿಜ ಎಂಬುದನ್ನು ಇಲ್ಲಿ ಹೇಳಬೇಕು. 1977ರ ಮೊದಲ ಚಿತ್ರದಲ್ಲಿ ಆರ್2-ಡಿ2 ಒಂದಲ್ಲ, ಹಲವು. ಕೆಲವು ದೃಶ್ಯಗಳಲ್ಲಿ ಅದರೊಳಗೆ ಕೆನ್ನಿ ಬೇಕರ್ ಎಂಬ ಕುಳ್ಳ ನಟ ಕೂತಿರುತ್ತಿದ್ದರು. ಮೂರು ಕಾಲಿನ, ರಿಮೋಟಿನಿಂದ ಓಡಬೇಕಾದದ್ದು ಟ್ಯುನೀಶಿಯಾದ ಮರಳಿನಲ್ಲಿ ಪದೇಪದೇ ಕೈಕೊಟ್ಟಿತು. ಕೈಕೊಟ್ಟದ್ದನ್ನು ಕತ್ತರಿಸಿ, ಓಡಿದ ತುಣುಕುಗಳನ್ನಷ್ಟೇ ಜೋಡಿಸಿದ್ದನ್ನು ನಾವು ನೋಡಿದ್ದೇವೆ. ನಾಯಕನ ಬೆಳಕಿನ ಖಡ್ಗದ ಹಿಡಿ ಕೂಡ ಹಳೆಯ ಗ್ರಾಫ್ಲೆಕ್ಸ್ ಕ್ಯಾಮೆರಾದ ಫ್ಲ್ಯಾಶಿನ ಹಿಡಿ. ರೋಜರ್ ಕ್ರಿಶ್ಚಿಯನ್ ಎಂಬ ಸೆಟ್ಟಿನ ಕಲಾವಿದ ಅದನ್ನು ಲಂಡನ್ನಿನ ಒಂದು ಅಂಗಡಿಯಲ್ಲಿ ಹುಡುಕಿ, ರಬ್ಬರಿನ ಪಟ್ಟಿ ಅಂಟಿಸಿ ಕೊಟ್ಟರು. ಕ್ಯಾಮೆರಾದ ಮುಂದೆ ಅಷ್ಟು ಸಾಕು.

ಅಷ್ಟು ಸಾಲದು ಎಂದವರು ಅಭಿಮಾನಿಗಳು. 1999ರಲ್ಲಿ ಆರ್2-ಡಿ2 ಕಟ್ಟುವವರ ಬಳಗವೊಂದು ಶುರುವಾಯಿತು. ಅಳತೆಗಳನ್ನು ಚಿತ್ರದಿಂದ ಲೆಕ್ಕ ಹಾಕಿ ತೆಗೆದರು, ನಕ್ಷೆ ಹಂಚಿಕೊಂಡರು, ಅಲ್ಯೂಮಿನಿಯಂ ಕತ್ತರಿಸಿದರು, ವರ್ಷಗಟ್ಟಲೆ ಸಂಜೆಗಳನ್ನು ಅದಕ್ಕೇ ಕೊಟ್ಟರು. ಅವರ ರೋಬೊಗಳು ಜನರ ನಡುವೆ, ಕತ್ತರಿಯ ಹಂಗಿಲ್ಲದೆ ಓಡಾಡಿದವು. ಕೊನೆಗೆ 2015ರ 'ಸ್ಟಾರ್ ವಾರ್ಸ್' ಚಿತ್ರಕ್ಕೆ ಹೊಸ ಆರ್2-ಡಿ2 ಬೇಕಾದಾಗ, ಆ ಬಳಗದ ಲೀ ಟವರ್ಸಿ ಮತ್ತು ಆಲಿವರ್ ಸ್ಟೀಪಲ್ಸ್ ಅವರನ್ನೇ ನಿರ್ಮಾಪಕರು ಕೆಲಸಕ್ಕೆ ತೆಗೆದುಕೊಂಡರು. ಮನೆಯಲ್ಲಿ ನಕಲು ಮಾಡುತ್ತಿದ್ದವರು ಅಸಲನ್ನು ಕಟ್ಟಿದರು. ಕೆನಡಾದ ಜೇಮ್ಸ್ ಹಾಬ್ಸನ್ ತಂಡ 2020ರಲ್ಲಿ ಆ ಬೆಳಕಿನ ಖಡ್ಗವನ್ನು ನಿಜವಾಗಿ ಉರಿಯುವಂತೆ ಮಾಡಿತು, ಪ್ರೊಪೇನ್ ಮತ್ತು ಆಮ್ಲಜನಕದ ಜ್ವಾಲೆಯಲ್ಲಿ. ನಮ್ಮ ಕಡೆಗೆ ಬಂದರೆ, 2024ರ 'ಕಲ್ಕಿ 2898 ಎ.ಡಿ.' ಚಿತ್ರದ 'ಬುಜ್ಜಿ' ವಾಹನ ಕೊಯಮತ್ತೂರಿನ ಜಯೆಮ್ ಸಂಸ್ಥೆ ಮತ್ತು ಮಹೀಂದ್ರಾ ಎಂಜಿನಿಯರುಗಳ ಕೈಯಲ್ಲಿ ರೂಪುಗೊಂಡಿತು. ಸುಮಾರು ಆರು ಟನ್ ತೂಕದ ಅದು ಊರೂರು ಸುತ್ತಿ ಜನರೆದುರು ಓಡಿತು.

ಹುಡುಗ ಕಳಿಸಿದ ವಿಡಿಯೊವನ್ನು ಅಜ್ಜಾರಿಗೆ ತೋರಿಸಿದೆ. ಫೋನನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿದರು. ಸುಂದರವಾಗಿದೆ ಎನ್ನಲಿಲ್ಲ, ಯಾವ ಸಿನಿಮಾ ಎಂದು ಕೇಳಲಿಲ್ಲ. "ಹಿಂದ ಎಷ್ಟ ಮಂದಿ ಅದಾರ?" ಎಂದರು. ಒಬ್ಬನೇ, ರಿಮೋಟು ಹಿಡಿದು ನಿಂತಿದ್ದಾನೆ ಎಂದೆ. ಮತ್ತೊಮ್ಮೆ ಹಾಕಿಸಿದರು. ರೋಬೊದ ತಲೆ ತಿರುಗುವಾಗ ಕಿವಿಗೊಟ್ಟು ಕೇಳಿ, "ಇದು ವೈಪರ್ ಮೋಟರಿನಂಗ ಸಪ್ಪಳಾ ಮಾಡತೈತಲ್ಲ" ಎಂದರು.

ಅವರಿಗೆ ಆ ಸದ್ದಿನ ಪರಿಚಯ ಇದ್ದದ್ದು ಸಹಜ. ಕಂಪನಿ ಬಿಟ್ಟ ಮೇಲೆ ಅವರ ಕೈಗೆ ಕೆಲಸ ಕೊಟ್ಟದ್ದು ಗಣಪತಿ ಹಬ್ಬದ ಚಲಿಸುವ ದೃಶ್ಯಗಳು. ಲಾರಿಯ ಗಾಜು ಒರೆಸುವ ವೈಪರಿನ ಮೋಟರು ಗುಜರಿಯಲ್ಲಿ ಸಿಗುತ್ತದೆ, ಬ್ಯಾಟರಿಗೆ ಓಡುತ್ತದೆ, ಒಳಗಿನ ಹಲ್ಲುಗಾಲಿಯಿಂದಾಗಿ ನಿಧಾನ ತಿರುಗಿದರೂ ಬಲ ಹೆಚ್ಚು. ಅದರ ತುದಿಗೆ ಕಬ್ಬಿಣದ ಪಟ್ಟಿ ಜೋಡಿಸಿದರೆ ತಿರುಗುವ ಚಲನೆ ಹೋಗಿಬರುವ ಚಲನೆಯಾಗುತ್ತದೆ: ಹನುಮಂತ ಎದೆ ಸೀಳುತ್ತಾನೆ, ರಾಕ್ಷಸ ಬಾಯಿ ತೆರೆಯುತ್ತಾನೆ. ಕಡಲಾಚೆಯ ಶೆಡ್ಡುಗಳಲ್ಲಿ ಸಿನಿಮಾದ ಸಾಮಾನು ಕಟ್ಟುವವರೂ ಇದೇ ಮೋಟರಿಗೆ ಕೈಹಾಕುತ್ತಾರೆ ಎಂದಾಗ ಅಜ್ಜಾರ ಮುಖ ಅರಳಿತು. ಅಷ್ಟು ಹೊತ್ತಿನಲ್ಲಿ ಅವರು ನಕ್ಕದ್ದು ಆಗ.

ಗುಡುಗಿಗೆ ಉದ್ದನೆಯ ತಗಡು ಅಲುಗಿಸುವುದು, ನೆಲದ ಹಲಗೆ ಸರಿಸಿ ಪಾತ್ರವನ್ನು ಮಾಯ ಮಾಡುವುದು ಇವನ್ನೆಲ್ಲ ಒಂದೊಂದು ಮಾತಿನಲ್ಲಿ ಮುಗಿಸಿದ ಅಜ್ಜಾರು ರಾಳದ ಬಗ್ಗೆ ಮಾತ್ರ ಎದ್ದು ನಿಂತು ಹೇಳಿದರು. ರಾಳದ ಹೆಂಟೆಯನ್ನು ಬೆಂಕಿಗೆ ಹಾಕಿದರೆ ಕರಗಿ ಹೊಗೆಯಾಡುತ್ತದೆ, ಅಷ್ಟೇ. ಅದನ್ನೇ ಮೈದಾದಷ್ಟು ನುಣ್ಣಗೆ ಕುಟ್ಟಿ, ಸೋಸಿ, ಉರಿಯುವ ದೀವಟಿಗೆಯ ಮೇಲೆ ಗಾಳಿಯಲ್ಲಿ ಚೆಲ್ಲಿದರೆ ಒಂದೊಂದು ಕಣವೂ ಒಮ್ಮೆಲೇ ಹೊತ್ತಿ ಆಳೆತ್ತರದ ಜ್ವಾಲೆ ಎದ್ದು, ಮರುಕ್ಷಣ ಇಲ್ಲವಾಗುತ್ತದೆ. ಮುಷ್ಟಿಯಿಂದಲ್ಲ, ಮಣಿಕಟ್ಟಿನಿಂದ ಎರಚಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಮೊದಲೇ ನೋಡಿರಬೇಕು, ಇಲ್ಲದಿದ್ದರೆ ಬೆಂಕಿ ರಾಕ್ಷಸನ ಮುಂದೆ ಏಳುವ ಬದಲು ಎರಚಿದವನ ಹುಬ್ಬನ್ನು ಸುಡುತ್ತದೆ. ದೊಡ್ಡಾಟದವರಿಂದ ಕಂಪನಿಯವರು ಕಲಿತ ವಿದ್ಯೆ ಇದು ಎಂಬುದು ಅವರ ನಂಬಿಕೆ.

ಇದೆಲ್ಲವನ್ನೂ ಕೇಳುತ್ತ ನನಗೆ ಗಟ್ಟಿಯಾದ ಮಾತೊಂದೇ. ಸಿನಿಮಾಕ್ಕೆ ಕತ್ತರಿ ಇದೆ, ರಂಗಕ್ಕಿಲ್ಲ. ಅಶ್ವತ್ಥಾಮನ ಅಸ್ತ್ರ ಉರಿಯದಿದ್ದರೆ ಎರಡನೇ ಟೇಕು ಇಲ್ಲ. ಮುಂದಿನ ಸಾಲಿನವನು ಕೂಗುತ್ತಾನೆ. ಹಾಗಾಗಿ ಕಂಪನಿಯ ಸಾಮಾನು ಮೊದಲ ದಿನದಿಂದಲೂ ನಿಜಕ್ಕೂ ಕೆಲಸ ಮಾಡಲೇಬೇಕಿತ್ತು. ಸಿನಿಮಾದ ರೋಬೊವನ್ನು ನಿಜಕ್ಕೂ ನಡೆಸಿಯೇ ತೀರುತ್ತೇವೆಂದು ಹೊರಟವರು, ಚೊಳಚಗುಡ್ಡದ ತಗಡಿನ ಥೇಟರಿನ ಹಿಂದೆ ಹಗ್ಗ ಹಿಡಿದವರು ಒಂದೇ ಕುಲದವರು. ಒಬ್ಬರ ಬಳಿ ನಕ್ಷೆಗಳಿವೆ, ಹಂಚಿಕೊಳ್ಳುವ ಬಳಗವಿದೆ. ಇನ್ನೊಬ್ಬರ ಬಳಿ ಇದ್ದದ್ದೆಲ್ಲ ಕೈಯಲ್ಲೇ ಇತ್ತು, ಕೈಯ ಜೊತೆಗೇ ಹೋಗುತ್ತಿದೆ.

ಕಂಪನಿಗಳು ಈಗಲೂ ಜಾತ್ರೆಗೆ ಬರುತ್ತವೆ. ಕೋವಿಡ್ ಕಾಲದಲ್ಲಿ ಜಾತ್ರೆ ನಿಂತಾಗ ಕಲಾವಿದರು ಪಟ್ಟ ಪಾಡು ಎಲ್ಲರಿಗೂ ಗೊತ್ತು. ಇಲ್ಲಿನ ಗಳಿಕೆಯಲ್ಲೇ ವರ್ಷ ದೂಡುವವರು ಅವರು. ಹಾಸ್ಯದ ಮೇಲೆ ನಿಂತ ಇಂದಿನ ನಾಟಕಗಳಿಗೆ ಟ್ರಿಕ್ ಸೀನು ಬೇಕಿಲ್ಲ, ಎಲ್‌ಇಡಿ ದೀಪ ಬಾಡಿಗೆಗೆ ಸಿಗುತ್ತದೆ. ಅದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ, ಥೇಟರು ತುಂಬಬೇಕು. ಆದರೆ ಹಳೆಯ ಗಾಲಿ, ರಾಟೆ, ಕೊಳವೆಗಳು ಗುಜರಿ ಸೇರಿದಾಗ ಒಂದು ಚಿತ್ರವನ್ನಾದರೂ ಯಾರಾದರೂ ಬರೆದಿಟ್ಟುಕೊಳ್ಳಬೇಕಿತ್ತು.

ಬಾಗಲಕೋಟೆಯಲ್ಲಿ ಒಂದು ಎಳೆ ಉಳಿದಿದೆ. ಹೋಳಿಯಲ್ಲಿ ಅಲ್ಲಿನ ಓಣಿಗಳವರು ಸೋಗಿನ ಬಂಡಿ ಕಟ್ಟುತ್ತಾರೆ. ಪುರಾಣದ, ಇತಿಹಾಸದ ದೃಶ್ಯಗಳು ಹಲಗಿಯ ಸದ್ದಿನ ನಡುವೆ ಬೀದಿಗಿಳಿಯುತ್ತವೆ. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಭಾಗವನ್ನು ನುಂಗಿದ ಮೇಲೂ ಈ ಸಂಪ್ರದಾಯ ನಿಂತಿಲ್ಲ. ಅದೇ ಊರಿನಲ್ಲಿ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿದೆ. ಒಂದು ಬಂಡಿಯ ಮೇಲೆ ಕಾಲೇಜಿನ ಹುಡುಗರ ರೋಬೊ, ಇನ್ನೊಂದರ ಮೇಲೆ ಅಜ್ಜಾರ ರಾಟೆಯಿಂದ ಬಾಯಿ ತೆರೆಯುವ ರಾಕ್ಷಸ ಬರಲಿ ಎಂಬುದು ನನ್ನ ಆಸೆ. ಇಳಕಲ್ಲಿನ ಹುಡುಗ ಈಗ ಗುಜರಿಯಿಂದ ಮೋಟರೊಂದನ್ನು ತಂದಿಟ್ಟುಕೊಂಡಿದ್ದಾನೆ, ಚೊಳಚಗುಡ್ಡಕ್ಕೆ ಬರುತ್ತೇನೆಂದಿದ್ದಾನೆ.

ಅಜ್ಜಾರಿಗೆ ಅದನ್ನು ಹೇಳಿದೆ. "ಬರಾಕ ಹೇಳು, ಕಲಸ್ತೀನಿ" ಎಂದರು. "ಆದರ ಜಾತ್ರಿ ತನಕಾ ತಡಾ ಮಾಡಬ್ಯಾಡ ಅನ್ನು. ಈಗ ಹಲ್ಲುಗಾಲಿ ಹಲ್ಲು ಎಣಸಾಕ ಬರತೈತಿ, ಮುಂದ ಹೆಂಗೋ."