ಎವರೆಸ್ಟ್ ಇಳಿದು ನೆಯ್ಯೂರಿಗೆ ಬಂದ ಡಾಕ್ಟರು

ತಿರುವನಂತಪುರದಿಂದ ಕನ್ಯಾಕುಮಾರಿಗೆ ಹೊರಟಿದ್ದೆವು. ದಾರಿಯಲ್ಲಿ ಒಂದು ಕಾಲೇಜು ಬಸ್ಸು ನಮ್ಮ ಕಾರನ್ನು ಹಿಂದೆ ಹಾಕಿತು. ಅದರ ಬೆನ್ನ ಮೇಲೆ ‘ಡಾ. ಸೋಮರ್ವೆಲ್ ಮೆಮೋರಿಯಲ್ ಸಿಎಸ್‌ಐ ಮೆಡಿಕಲ್ ಕಾಲೇಜು, ಕಾರಕ್ಕೋಣಂ’ ಎಂದು ಬರೆದಿತ್ತು. ಸೀಟಿನಿಂದ ಮುಂದಕ್ಕೆ ಬಾಗಿ ಮತ್ತೊಮ್ಮೆ ಓದಿದೆ. ಎವರೆಸ್ಟ್ ಹತ್ತಲು ಹೋದ ಮ್ಯಾಲರಿ ಮತ್ತು ಅರ್ವಿನ್ ಕಾಣೆಯಾದ ಕತೆ ಬಲ್ಲವರಿಗೆ ಈ ಹೆಸರು ಹೊಸದಲ್ಲ. 1924ರಲ್ಲಿ ಮ್ಯಾಲರಿ ಕೊನೆಯ ಸಲ ಹತ್ತಲು ಹೊರಟಾಗ ತಮ್ಮ ಪುಟ್ಟ ಕೊಡಾಕ್ ಕ್ಯಾಮೆರಾ ಕೊಟ್ಟು ಕಳಿಸಿದ್ದು ಇದೇ ಸೋಮರ್ವೆಲ್. ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಿತು, ಕ್ಯಾಮೆರಾ ಸಿಗಲಿಲ್ಲ.

ಆ ಹೆಸರಿಗೆ ಕೇರಳದ ಈ ತುದಿಯಲ್ಲಿ ಏನು ಕೆಲಸ? ಫೋನಿನಲ್ಲಿ ಹುಡುಕಿದರೆ ಹೌದು, ಅವರೇ. ಪದ್ಮನಾಭಪುರದ ಅರಮನೆಯನ್ನು ಮಾರನೇ ದಿನಕ್ಕೆ ಬಿಟ್ಟು ಕಾರನ್ನು ಅವರು ಸರ್ಜನ್ ಆಗಿದ್ದ ನೆಯ್ಯೂರಿಗೆ ತಿರುಗಿಸಿದೆವು.

ಥಿಯೊಡೋರ್ ಹೋವರ್ಡ್ ಸೋಮರ್ವೆಲ್ ಹುಟ್ಟಿದ್ದು 1890ರಲ್ಲಿ, ಇಂಗ್ಲೆಂಡಿನ ಕೆಂಡಾಲ್‌ನಲ್ಲಿ. ಮನೆತನದ್ದು ಚಪ್ಪಲಿ, ಬೂಟಿನ ಕಾರ್ಖಾನೆ. ಹುಡುಗ ಬೆಟ್ಟ ಹತ್ತಿದ, ಕೇಂಬ್ರಿಜ್‌ನಲ್ಲಿ ಓದಿ ಸರ್ಜನ್ ಆದ. 1916ರ ಸೋಮ್ ಯುದ್ಧದಲ್ಲಿ ಟೆಂಟಿನ ಹೊರಗೆ ಗಾಯಾಳುಗಳು ಹೊಲದ ತುಂಬ ಮಲಗಿದ್ದರು. ಬೆರಳೆಣಿಕೆಯ ಸರ್ಜನ್‌ಗಳು ಯಾರನ್ನು ಮೊದಲು ಎತ್ತಿಕೊಳ್ಳುವುದೆಂದು ಅವರ ನಡುವೆ ನಡೆದು ಆರಿಸಬೇಕಿತ್ತು. ಆ ಹೊಲ ಅವರನ್ನು ಮತ್ತೆ ಬಿಡಲಿಲ್ಲ.

ನನ್ನನ್ನು ಬಿಡದೆ ಕಾಡುವುದು ಮಾತ್ರ ಅವರ ಗಂಟಲಿನ ಪ್ರಸಂಗ. ಅದನ್ನು ಪೂರ್ತಿ ಹೇಳಲೇಬೇಕು. 1924ರ ಮೇ ಕೊನೆಗೆ ಎವರೆಸ್ಟಿನ ನಾರ್ತ್ ಕೋಲ್‌ನಲ್ಲಿ ನಾಲ್ವರು ಹಮಾಲರು ಸಿಕ್ಕಿಬಿದ್ದಿದ್ದರು. ಅದಕ್ಕೆ ಎರಡು ವರ್ಷ ಹಿಂದೆ ಅದೇ ಇಳಿಜಾರಿನಲ್ಲಿ ಹಿಮ ಕುಸಿದು ಏಳು ಮಂದಿ ಹಮಾಲರು ಸತ್ತಿದ್ದರು. ಸತ್ತವರಲ್ಲಿ ಒಬ್ಬ ಬ್ರಿಟಿಷನೂ ಇಲ್ಲವಲ್ಲ ಎಂಬ ಸಂಕಟ ಸೋಮರ್ವೆಲ್‌ಗೆ ಇತ್ತು. ಈ ಸಲ ಅವರೇ ಮುಂದೆ ಹೋದರು. ಹಗ್ಗ ಸಾಲಲಿಲ್ಲ. ಇಬ್ಬರು ಜಾರಿದಾಗ ಸೊಂಟದ ಹಗ್ಗ ಬಿಚ್ಚಿ, ಅದರ ತುದಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಚಾಚಿ ಒಬ್ಬೊಬ್ಬರನ್ನೇ ಕತ್ತಿನ ಪಟ್ಟಿ ಹಿಡಿದು ಎಳೆದುಕೊಂಡರು. ನಾಲ್ವರೂ ಬದುಕಿದರು. ಮೊದಲೇ ಕೆಟ್ಟಿದ್ದ ಗಂಟಲು ಆ ದಿನದ ತಣ್ಣನೆ ಗಾಳಿಗೆ ಇನ್ನಷ್ಟು ಕೆಟ್ಟಿತು.

ಜೂನ್ 4ರಂದು ಸಂಗಡಿಗ ನಾರ್ಟನ್ ಜೊತೆ ಆಮ್ಲಜನಕವಿಲ್ಲದೆ ತುದಿಗೆ ಹೊರಟರು. ಸುಮಾರು 28,000 ಅಡಿಯಲ್ಲಿ ಕೆಮ್ಮು ಕಾಲು ಕಟ್ಟಿತು. ನೀವು ಹೋಗಿ ಎಂದು ನಾರ್ಟನ್‌ರನ್ನು ಕಳಿಸಿ ಅಲ್ಲೇ ಕೂತರು. ನಾರ್ಟನ್ ಒಬ್ಬರೇ 28,126 ಅಡಿ ಮುಟ್ಟಿ ತಿರುಗಿದರು. ಇಳಿಯುವಾಗ ಸೋಮರ್ವೆಲ್‌ರ ಗಂಟಲಲ್ಲಿ ಏನೋ ಅಡ್ಡ ಬಂತು. ಉಸಿರು ಒಳಗೂ ಇಲ್ಲ, ಹೊರಗೂ ಇಲ್ಲ, ಕರೆಯಲು ದನಿಯೂ ಇಲ್ಲ. ಮುಂದೆ ಇಳಿಯುತ್ತಿದ್ದ ನಾರ್ಟನ್, ಗೆಳೆಯ ಚಿತ್ರ ಬರೆಯಲು ನಿಂತಿರಬೇಕು ಎಂದುಕೊಂಡರಂತೆ. ಆ ಎತ್ತರದಲ್ಲಿಯೂ ಸ್ಕೆಚ್ ಮಾಡುವ ಅಭ್ಯಾಸ ಅವರಿಗಿತ್ತು! ಸಾಯಲೆಂದೇ ಹಿಮದಲ್ಲಿ ಕೂತವರು ಕೊನೆಗೊಮ್ಮೆ ಎರಡೂ ಕೈಯಿಂದ ಎದೆ ಒತ್ತಿ ಕೆಮ್ಮಿದರು. ಅಡ್ಡವಾಗಿದ್ದದ್ದು ರಕ್ತದೊಂದಿಗೆ ಹೊರಬಿತ್ತು. ಅದು ಅವರದೇ ಗಂಟಲ ಒಳಪದರ. ಬಾಯಲ್ಲಿ ಉಸಿರಾಡಿ ಆಡಿ, ಒಣಗಾಳಿಗೆ ಹಿಮಹುಣ್ಣಾಗಿ ಸುಲಿದಿತ್ತು. ತನಗೆ ಏನಾಗಿತ್ತೆಂದು ಆಮೇಲೆ ವೈದ್ಯನಾಗಿಯೇ ವಿವರಿಸಿ ಬರೆದರು. ಇದನ್ನು ಓದುವಾಗಲೆಲ್ಲ ನನ್ನ ಕೈ ನನ್ನ ಕತ್ತಿಗೆ ಹೋಗುತ್ತದೆ.

ಎವರೆಸ್ಟ್ ಅವರ ಬದುಕಿನ ದೊಡ್ಡ ಸಂಗತಿ ಅಂತ ಎಲ್ಲರೂ ಬರೆಯುತ್ತಾರೆ, ನಾನು ಒಪ್ಪುವುದಿಲ್ಲ. 1922ರ ಆರೋಹಣ ಮುಗಿಸಿ ಭಾರತ ಸುತ್ತುತ್ತಾ ಅವರು ನೆಯ್ಯೂರಿಗೆ ಬಂದಿದ್ದರು. 1838ರಲ್ಲಿ ಲಂಡನ್ ಮಿಷನ್ ಶುರುಮಾಡಿದ ಆಸ್ಪತ್ರೆ. ಕಾಯುವ ರೋಗಿಗಳ ಸಾಲು, ಅಷ್ಟಕ್ಕೂ ಒಬ್ಬನೇ ಸರ್ಜನ್. ಲಂಡನ್ನಿನಲ್ಲಿ ಕಾದಿದ್ದ ಒಳ್ಳೆಯ ವೃತ್ತಿಯನ್ನು ಕೈಬಿಟ್ಟು ಇಲ್ಲಿಗೇ ಬಂದು ನೆಲೆಸಿದರು. 1925ರಲ್ಲಿ ಮಾರ್ಗರೆಟ್ ಹೋಪ್ ಸಿಂಪ್ಸನ್ ಜೊತೆ ಮದುವೆ, ಆಮೇಲೆ ಮೂವರು ಗಂಡುಮಕ್ಕಳು. ಸಂಸಾರ, ಆಪರೇಷನ್ ಥಿಯೇಟರು, ಬಣ್ಣದ ಪೆಟ್ಟಿಗೆ, ಬೆಟ್ಟ, ಇವುಗಳಲ್ಲಿ ಒಂದಕ್ಕಾಗಿ ಇನ್ನೊಂದನ್ನು ಅವರು ಬಿಡಲಿಲ್ಲ.

ತಿರುವಾಂಕೂರಿನ ಆ ಭಾಗದಲ್ಲಿ ಹೊಟ್ಟೆಹುಣ್ಣು ಮನೆಮನೆಯ ಕಾಯಿಲೆ. ಹುಣ್ಣು ಮಾಯ್ದು ಗಂಟುಕಟ್ಟಿ ದಾರಿ ಮುಚ್ಚಿದರೆ ತಿಂದದ್ದೆಲ್ಲ ವಾಂತಿ. ಜಠರಕ್ಕೂ ಸಣ್ಣ ಕರುಳಿಗೂ ಬೇರೆ ದಾರಿ ಹೊಲಿದು ಕೊಡುವುದು ಆಗಿನ ಆಪರೇಷನ್. ಸಹೋದ್ಯೋಗಿ ಆರ್ ಜೊತೆ ಸೋಮರ್ವೆಲ್ 1936ರಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ ಆಧಾರ ಇಂಥ 2,500ಕ್ಕೂ ಹೆಚ್ಚು ಆಪರೇಷನ್‌ಗಳು. ಈ ಹುಣ್ಣಿನ ಹಿಂದೆ ಒಂದು ಬ್ಯಾಕ್ಟೀರಿಯಾ ಇದೆ ಎಂದು ಗೊತ್ತಾದದ್ದು 1980ರ ದಶಕದಲ್ಲಿ. ಈಗ ಎರಡು ವಾರ ಮಾತ್ರೆ ನುಂಗಿದರೆ ಹೆಚ್ಚಿನವರಿಗೆ ಸಾಕು.

ನೆಯ್ಯೂರಿನ ನಂತರ ವೆಲ್ಲೂರಿನ ಸಿಎಂಸಿ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿ 1961ರಲ್ಲಿ ಊರಿಗೆ ಮರಳಿದರು. ಆಲ್ಪೈನ್ ಕ್ಲಬ್ಬಿನ ಅಧ್ಯಕ್ಷರಾದರು. 1975ರಲ್ಲಿ ಆಂಬಲ್‌ಸೈಡ್‌ನಲ್ಲಿ ತೀರಿಕೊಂಡರು. ಬಾಲ್ಯದ ಬೆಟ್ಟಗಳು ಅಲ್ಲಿಗೆ ಹತ್ತಿರ.

ನಾವು ತಲುಪಿದಾಗ ಮಧ್ಯಾಹ್ನ. ಆಸ್ಪತ್ರೆಯ ಜಗಲಿಯಲ್ಲಿ ಊಟದ ಕ್ಯಾರಿಯರ್ ಹಿಡಿದವರು, ಫ್ಲಾಸ್ಕ್ ಹಿಡಿದವರು ಕೂತಿದ್ದರು. ಬೆಂಗಳೂರು ಕಲಿಸಿದ ತಮಿಳಿನಲ್ಲಿ ಪಕ್ಕದ ಹಿರಿಯರೊಬ್ಬರನ್ನು ಕೇಳಿದೆ. ಹೆಸರು ಹೇಳುತ್ತಿದ್ದಂತೆ ಅವರು ಕ್ಯಾರಿಯರ್ ಕೆಳಗಿಟ್ಟರು. ಎದೆಗೂಡಿನ ಕೆಳಗಿಂದ ಹೊಕ್ಕುಳಿನವರೆಗೆ ಬೆರಳಿನಲ್ಲಿ ಒಂದು ಗೆರೆ ಎಳೆದು, ‘ಅಪ್ಪನಿಗೆ ಇಲ್ಲಿಂದ ಇಲ್ಲಿಗೆ ಇತ್ತು, ದೊರೆ ಹಾಕಿದ ಹೊಲಿಗೆ’ ಎಂದರು. ಅದಕ್ಕೆ ಮುಂಚೆ ಎರಡು ವರ್ಷ ಅಪ್ಪ ಗಂಜಿಯ ತಿಳಿ ಮಾತ್ರ ಕುಡಿದದ್ದಂತೆ. ‘ಆಮೇಲೆ?’ ಎಂದೆ.

‘ಆಮೇಲೆ ಮೂವತ್ತು ವರ್ಷ ಮೀನು ಸಾರು ಉಂಡ ಸಾರ್. ಖಾರ ಕಮ್ಮಿಯಾದರೆ ಅಮ್ಮನ ಮೇಲೆ ಕೂಗಾಡುತ್ತಿದ್ದ.’